ಸಿಪಾಯಿ ದರ್ಜೆಯ ಹೆಣ್ಣುಮಕ್ಕಳಿಗೆ ನಾಲ್ಕು ವರ್ಷ ಸಾಲದು

2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ನಡೆದ ಪರೇಡಿಗೆ ಅದ್ದೂರಿ ಇರಲಿಲ್ಲ. ಕೋವಿಡ್‌ನ ಎರಡನೇ ಅಲೆ ಊರಿಗೆ ಊರನ್ನೇ ಹಿಂಡುತ್ತಿದ್ದ ದಿನಗಳವು. ಅಲ್ಲಿನ ದ್ರೋಣಾಚಾರ್ಯ ಮೈದಾನದಲ್ಲಿ 61 ವಾರಗಳ ತರಬೇತಿ ಮುಗಿಸಿದ 83 ಹೆಣ್ಣುಮಕ್ಕಳು ಪ್ರಮಾಣ ಸ್ವೀಕರಿಸಿ ಸೇನೆಯ ಸಿಪಾಯಿಗಳಾದರು. ಅಧಿಕಾರಿಯಾಗಿ, ವೈದ್ಯೆಯಾಗಿ, ದಾದಿಯಾಗಿ ಹೆಣ್ಣು ಭಾರತೀಯ ಸೇನೆಗೆ ಮೊದಲೇ ಬಂದಿದ್ದಳು. ಸಾಮಾನ್ಯ ಸಿಪಾಯಿಯಾಗಿ ಬಂದದ್ದು ಅಂದೇ ಮೊದಲು. 1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್ನಿನ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ವಿಭಾಗಗಳನ್ನು ಬಿಟ್ಟರೆ ಬೇರೆಲ್ಲೂ ಹೆಂಗಸರನ್ನು ಸೇನೆಗೆ ಸೇರಿಸಿಕೊಳ್ಳುವಂತಿಲ್ಲ. ಅಂದರೆ ಗಂಡಸಿಗೆ ಬಾಗಿಲು ತೆರೆದಿರುವುದೇ ನಿಯಮ, ಹೆಂಗಸಿಗೆ ಅದೊಂದು ವಿನಾಯಿತಿ. 2019ರ ಜನವರಿ 18ರಂದು ಆಗಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಆ ವಿನಾಯಿತಿಯನ್ನು ಸಿಪಾಯಿ ದರ್ಜೆಯವರೆಗೂ ವಿಸ್ತರಿಸುವ ತೀರ್ಮಾನವನ್ನು ಪ್ರಕಟಿಸಿದರು. ಮುಂದೆ ವಾಯುಪಡೆಯ ಮೊದಲ 153 ಮಹಿಳಾ ಅಗ್ನಿವೀರರು, ಅಂದರೆ ನಾಲ್ಕು ವರ್ಷದ ಅವಧಿಗೆ ಸೇರಿದವರು, ತರಬೇತಿ ಮುಗಿಸಿ ಹೊರಬಂದದ್ದು 2023ರ ಡಿಸೆಂಬರಿನಲ್ಲಿ, ನಮ್ಮದೇ ಬೆಳಗಾವಿಯ ಏರ್‌ಮೆನ್ ತರಬೇತಿ ಶಾಲೆಯಿಂದ. ದೇಶದ ಭೂಸೇನೆ ಮತ್ತು ವಾಯುಪಡೆ ಎರಡರಲ್ಲೂ ಕೆಳದರ್ಜೆಯ ಹೆಣ್ಣು ಸೈನಿಕರು ಮೊದಲು ತಯಾರಾದದ್ದು ಕರ್ನಾಟಕದ ನೆಲದಲ್ಲಿ. ಹಾಗಿದ್ದೂ ಅವರ ಸ್ಥಿತಿಗತಿಯ ಬಗ್ಗೆ ಕನ್ನಡದಲ್ಲಿ ನಡೆದಿರುವ ಚರ್ಚೆ ತೀರಾ ಕಡಿಮೆ.

ಚರ್ಚೆಯೇ ಇಲ್ಲವೆಂದಲ್ಲ, ನಡೆದದ್ದೆಲ್ಲ ಅಧಿಕಾರಿಗಳ ಕುರಿತು. ಚಿಕ್ಕಮಗಳೂರಿನ ಮೇಘನಾ ಶಾನಭಾಗ್ 2018ರಲ್ಲಿ ಯುದ್ಧವಿಮಾನದ ಪೈಲಟ್ ಆದಾಗ ನಾಡೆಲ್ಲ ಹೆಮ್ಮೆಪಟ್ಟಿತು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ವಿವರಗಳನ್ನು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ದೇಶದ ಮುಂದಿಟ್ಟಾಗ ಮನೆಮನೆಯ ಟಿವಿಯಲ್ಲೂ ಅವರದೇ ಮುಖ. ಅದೇ ತಿಂಗಳ ಕೊನೆಯಲ್ಲಿ ಪುಣೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) 17 ಯುವತಿಯರ ಮೊದಲ ತಂಡ ಹೊರಬಂತು. ಇವೆಲ್ಲ ಸಂಭ್ರಮಿಸಬೇಕಾದ ಸಂಗತಿಗಳೇ. ಆದರೆ ಕೆಜಿಎಫ್ ತಾಲ್ಲೂಕಿನ ಕ್ಯಾಸಂಬಳ್ಳಿ ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳಿಗೆ ಸೇನೆ ಸೇರುವ ಆಸೆ ಹುಟ್ಟಿದರೆ ಅವಳ ಕೈಗೆಟಕುವ ದಾರಿ ಯಾವುದು? ಅಧಿಕಾರಿಯಾಗಲು ಡಿಗ್ರಿ ಬೇಕು, ಇಲ್ಲವೇ ಪಿಯುಸಿಯ ಜೊತೆಗೆ ಎನ್‌ಡಿಎ ಪರೀಕ್ಷೆ ದಾಟಬೇಕು. ಆಮೇಲೆ ಐದು ದಿನಗಳ ಆಯ್ಕೆ ಮಂಡಳಿಯ ಮುಂದೆ ಇಂಗ್ಲಿಷಿನಲ್ಲಿ ತನ್ನನ್ನು ಸಾಬೀತು ಮಾಡಿಕೊಳ್ಳಬೇಕು. ಅವಳಿಗೆ ಅದು ಅಸಾಧ್ಯವೆಂದು ನಾನು ಹೇಳಲಾರೆ. ಆದರೆ ಮಿಲಿಟರಿ ಪೊಲೀಸ್ ಸಿಪಾಯಿ ಹುದ್ದೆಗೆ ಹತ್ತನೇ ತರಗತಿ ಪಾಸಾಗಿ, ಏಳೂವರೆ ನಿಮಿಷದೊಳಗೆ 1.6 ಕಿಲೋಮೀಟರ್ ಓಡಿದರೆ ಬಾಗಿಲವರೆಗಂತೂ ಹೋಗಬಹುದು. ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿಬರುವುದನ್ನೇ ಬದುಕಾಗಿಸಿಕೊಂಡ ಸೀಮೆಯಿದು. ಇಲ್ಲಿನ ಮನೆಗಳಿಗೆ ಸೇನೆಯ ನೌಕರಿ ಎಂದರೆ ಗೌರವ, ಜೊತೆಗೆ ನೆಲೆ. ಆ ನೆಲೆಯನ್ನು ಸಿಪಾಯಿ ದರ್ಜೆಯ ಹೆಣ್ಣುಮಗಳಿಗೆ ನಾವು ಕೊಟ್ಟಿಲ್ಲ ಎಂಬುದು ನನ್ನ ವಾದ. ಸಮವಸ್ತ್ರ, ವಸತಿ, ಹೆರಿಗೆ ರಜೆ, ದೂರು ವ್ಯವಸ್ಥೆ ಎಂದು ಏನನ್ನೆಲ್ಲ ಸುಧಾರಿಸಬೇಕೆಂದು ಮಾತನಾಡುತ್ತೇವೋ ಅದೆಲ್ಲವೂ ಒಂದೇ ಪ್ರಶ್ನೆಗೆ ಹೋಗಿ ನಿಲ್ಲುತ್ತದೆ: ಅವಳು ಎಷ್ಟು ವರ್ಷ ಉಳಿಯುತ್ತಾಳೆಂದು ಸೇನೆ ಎಣಿಸಿದೆ?

ಈ ಪ್ರಶ್ನೆ ಏಕೆ ಮೊದಲಿನದು ಎಂಬುದಕ್ಕೆ ಅಧಿಕಾರಿಗಳ ಮೂವತ್ತು ವರ್ಷದ ಚರಿತ್ರೆಯೇ ಸಾಕ್ಷಿ. 1992ರಲ್ಲಿ ಮಹಿಳೆಯರ ವಿಶೇಷ ನೇಮಕಾತಿ ಯೋಜನೆ ಆರಂಭವಾದಾಗ ಅವಧಿ ಐದು ವರ್ಷ. ಆಮೇಲೆ ಅದನ್ನು ಹತ್ತಕ್ಕೆ, ಹದಿನಾಲ್ಕಕ್ಕೆ ಎಳೆದರು. ಪ್ರತಿ ಬಾರಿಯೂ ಅದು ವಿಸ್ತರಣೆ ಮಾತ್ರ. ಗಂಡಸರಿಗೆ ಸಿಗುತ್ತಿದ್ದ ಕಾಯಂ ಕಮಿಷನ್ ಸಿಗಲಿಲ್ಲ. 2008ರಲ್ಲಿ ಕಾನೂನು ಮತ್ತು ಶಿಕ್ಷಣ ವಿಭಾಗಗಳಿಗೆ ಮಾತ್ರ ಅದು ದಕ್ಕಿತು. 2010ರಲ್ಲಿ ದೆಹಲಿ ಹೈಕೋರ್ಟ್ ಮಹಿಳಾ ಅಧಿಕಾರಿಗಳ ಪರವಾಗಿ ತೀರ್ಪು ಕೊಟ್ಟರೂ ಸರ್ಕಾರ ಮೇಲ್ಮನವಿ ಹೂಡಿ ಹತ್ತು ವರ್ಷ ತಳ್ಳಿತು. ಕೊನೆಗೆ 2020ರ ಫೆಬ್ರವರಿ 17ರಂದು ಬಬಿತಾ ಪೂನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯಂ ಕಮಿಷನ್ನಿನ ಹಕ್ಕನ್ನು ಎತ್ತಿಹಿಡಿಯಿತು. ನನ್ನ ವಾದಕ್ಕೆ ಹೆಚ್ಚು ಮುಖ್ಯವಾದದ್ದು ಅದರ ಮರುವರ್ಷ, 2021ರ ಮಾರ್ಚ್ 25ರಂದು ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ ಬಂದ ತೀರ್ಪು. ಹಕ್ಕು ಸಿಕ್ಕ ಮೇಲೆ ಸೇನೆ ಈ ಅಧಿಕಾರಿಗಳ ಅರ್ಹತೆಯನ್ನು ಅಳೆಯಲು ಹೊರಟಿತು. ಯಾವುದರಿಂದ ಅಳೆಯಿತು? ಹಳೆಯ ವಾರ್ಷಿಕ ಗೌಪ್ಯ ವರದಿಗಳಿಂದ. ಆ ವರದಿಗಳನ್ನು ಬರೆದ ಮೇಲಧಿಕಾರಿಗಳಿಗೆ ಈ ಹೆಂಗಸರು ಹೇಗಿದ್ದರೂ ಕಾಯಂ ಆಗುವವರಲ್ಲವೆಂದು ಗೊತ್ತಿತ್ತು. ಆದ್ದರಿಂದ ಅವನ್ನು ಅಸಡ್ಡೆಯಿಂದ ಬರೆದಿದ್ದರು. ಮುಂದಿನ ಬಡ್ತಿಗೆ ನೆರವಾಗುವ ಕೋರ್ಸುಗಳಿಗೆ, ಹೊಣೆಯ ಹುದ್ದೆಗಳಿಗೆ ಅವರನ್ನು ಕಳಿಸಿಯೇ ಇರಲಿಲ್ಲ. ಗಂಡಸರು ಇಪ್ಪತ್ತೈದು-ಮೂವತ್ತರ ವಯಸ್ಸಿನಲ್ಲಿ ಎದುರಿಸುವ ದೈಹಿಕ ಅರ್ಹತೆಯ ಮಾನದಂಡವನ್ನು ನಲವತ್ತು ದಾಟಿದ ಹೆಂಗಸರಿಗೆ ಅನ್ವಯಿಸಿದರು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನಿಯಮ, ಪರಿಣಾಮದಲ್ಲಿ ತಾರತಮ್ಯ. ನ್ಯಾಯಾಲಯ ಇದನ್ನು ಪರೋಕ್ಷ ತಾರತಮ್ಯವೆಂದೇ ಕರೆಯಿತು. ಇಲ್ಲಿನ ಕಾರ್ಯಕಾರಣವನ್ನು ಗಮನಿಸಬೇಕು. ಅಲ್ಲಿದ್ದ ಮೇಲಧಿಕಾರಿಗಳೆಲ್ಲ ಕೆಟ್ಟವರೆಂದು ಹೇಳಬೇಕಾದ ಅಗತ್ಯವೇ ಇಲ್ಲ. ಹೋಗಿಬಿಡುವವರ ಮೇಲೆ ಯಾವ ಸಂಸ್ಥೆಯೂ ಶ್ರಮ ಹಾಕುವುದಿಲ್ಲ, ಅಷ್ಟೆ. ಅವಧಿಯ ಮೊಟಕು ಕ್ರಮೇಣ ಅವಕಾಶದ ಮೊಟಕಾಯಿತು, ಅವಕಾಶದ ಮೊಟಕು ಅರ್ಹತೆಯ ಕೊರತೆಯಾಗಿ ದಾಖಲೆಗೆ ಹೋಯಿತು. 2023ರ ಜನವರಿಯಲ್ಲಿ 108 ಮಹಿಳಾ ಅಧಿಕಾರಿಗಳಿಗೆ ಕರ್ನಲ್ ಹುದ್ದೆಯ ಬಡ್ತಿ ದೊರೆತಾಗ ಆ ಸಾಮರ್ಥ್ಯ ಅಷ್ಟು ವರ್ಷವೂ ಅಲ್ಲೇ ಇತ್ತೆಂಬುದು ಖಚಿತವಾಯಿತು.

ಇಷ್ಟು ಪಾಠ ಕಲಿತ ದೇಶ ಸಿಪಾಯಿ ದರ್ಜೆಯ ಹೆಣ್ಣುಮಕ್ಕಳ ವಿಷಯದಲ್ಲಿ ಅದೇ ತಪ್ಪನ್ನು ಇನ್ನೂ ಚಿಕ್ಕ ಅವಧಿಯೊಂದಿಗೆ ಮತ್ತೆ ಮಾಡುತ್ತಿದೆ. ಮೊದಲ ತಂಡದ 83 ಮಂದಿ ಹಳೆಯ ಪದ್ಧತಿಯಲ್ಲಿ ಸೇರಿದ ಪೂರ್ಣಾವಧಿ ಸಿಪಾಯಿಗಳು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸೇರುವವರೆಲ್ಲ ನಾಲ್ಕು ವರ್ಷದ ಅಗ್ನಿವೀರರು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ ಶೇಕಡ 30ರಷ್ಟು ನಿಧಿಗೆ ಹೋಗುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ಪಿಂಚಣಿಯಿಲ್ಲ, ಗ್ರಾಚುಟಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ. ನಾಲ್ಕು ವರ್ಷದ ಕೊನೆಗೆ ಹೆಚ್ಚೆಂದರೆ ಶೇಕಡ 25ರಷ್ಟು ಮಂದಿಯನ್ನು ಇನ್ನೂ ಹದಿನೈದು ವರ್ಷಕ್ಕೆ ಉಳಿಸಿಕೊಳ್ಳುತ್ತಾರೆ. ಈ ಲೆಕ್ಕವನ್ನು ಮಹಿಳಾ ಮಿಲಿಟರಿ ಪೊಲೀಸರಿಗೆ ಹಚ್ಚಿ ನೋಡಿ. 2019ರ ಯೋಜನೆಯಲ್ಲಿ ವರ್ಷಕ್ಕೆ ನೂರರಂತೆ ಹದಿನೇಳು ವರ್ಷದಲ್ಲಿ 1,700 ಮಹಿಳೆಯರನ್ನು ತುಂಬಿ, ಕ್ರಮೇಣ ಆ ವಿಭಾಗದ ಐದನೇ ಒಂದು ಪಾಲು ಅವರೇ ಇರುವಂತೆ ಮಾಡುವ ಉದ್ದೇಶವಿತ್ತು. ವರ್ಷಕ್ಕೆ ನೂರೇ ಸೇರಿ, ನಾಲ್ಕು ವರ್ಷದ ಬಳಿಕ ಇಪ್ಪತ್ತೈದು ಮಂದಿ ಮಾತ್ರ ಉಳಿದರೆ ಹದಿನೇಳನೇ ವರ್ಷದ ಕೊನೆಗೆ ಸೇವೆಯಲ್ಲಿರುವವರೆಷ್ಟು? ಇತ್ತೀಚಿನ ನಾಲ್ಕು ತಂಡಗಳ 400 ಮಂದಿ, ಅದರ ಹಿಂದಿನ ಹದಿಮೂರು ತಂಡಗಳಲ್ಲಿ ಉಳಿದ 325 ಮಂದಿ, ಒಟ್ಟು 725. ಗುರಿಯ ಅರ್ಧವೂ ಆಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ 725ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಪ್ಪತ್ತೈದರ ಒಳಗಿನ, ನಾಲ್ಕು ವರ್ಷ ತುಂಬದ ಹೊಸಬರು. ಹವಾಲ್ದಾರಳಾಗಿ, ಸುಬೇದಾರಳಾಗಿ ಬೆಳೆದು, ಕಿರಿಯಳೊಬ್ಬಳ ಕಷ್ಟ ಕೇಳಿಸಿಕೊಂಡು ಮೇಲಿನವರಿಗೆ ತಿಳಿಹೇಳುವ ಅನುಭವಿ ಹೆಂಗಸರು ಅಲ್ಲಿ ಕಡಿಮೆ. ಸೇನೆಯಲ್ಲಿ ಸಿಪಾಯಿಯ ದಿನನಿತ್ಯದ ಬದುಕನ್ನು ನಡೆಸುವವರು ಈ ಸುಬೇದಾರ (ಜೆಸಿಓ), ಹವಾಲ್ದಾರ (ಎನ್‌ಸಿಓ) ದರ್ಜೆಯವರೇ. ಆ ಮೆಟ್ಟಿಲು ಗಟ್ಟಿಯಿಲ್ಲದ ಕಡೆ ಎಷ್ಟು ಸುತ್ತೋಲೆ ಹೊರಡಿಸಿದರೂ ಅದು ಬ್ಯಾರಕ್ಕಿನವರೆಗೆ ಇಳಿಯುವುದಿಲ್ಲ.

ಹೆರಿಗೆ ರಜೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2023ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯ ಒಳ್ಳೆಯ ನಿರ್ಧಾರವೊಂದನ್ನು ಮಾಡಿತು. ಅಧಿಕಾರಿಗಳಿಗೆ ಇರುವಂತೆಯೇ ಮಹಿಳಾ ಸೈನಿಕರಿಗೆ, ನಾವಿಕರಿಗೆ, ವಾಯುಯೋಧರಿಗೆ ಹೆರಿಗೆ ರಜೆ, ಮಕ್ಕಳ ಆರೈಕೆ ರಜೆ, ದತ್ತು ರಜೆಗಳು ಸಿಗಬೇಕೆಂದಿತು. ಎರಡು ಮಕ್ಕಳವರೆಗೆ ತಲಾ 180 ದಿನ ಪೂರ್ಣ ಸಂಬಳದ ರಜೆ, ಇಡೀ ಸೇವೆಯಲ್ಲಿ 360 ದಿನ ಮಕ್ಕಳ ಆರೈಕೆ ರಜೆ. ದರ್ಜೆ ಯಾವುದಾದರೂ ತಾಯ್ತನ ಒಂದೇ ಎಂದು ಒಪ್ಪಿಕೊಂಡ ಈ ಹೆಜ್ಜೆಯನ್ನು ಮನಸಾರೆ ಮೆಚ್ಚಬೇಕು. ಆದರೆ ಅದನ್ನು ಬಳಸಿಕೊಳ್ಳುವವರು ಯಾರು? ವಾಯುಪಡೆಯ ಅಗ್ನಿವೀರ ಅಧಿಸೂಚನೆಯ ಪ್ರಕಾರ ಅಭ್ಯರ್ಥಿ ಅವಿವಾಹಿತಳಾಗಿರಬೇಕು, ನಾಲ್ಕು ವರ್ಷ ಮದುವೆಯಾಗುವುದಿಲ್ಲವೆಂದು ಬರೆದುಕೊಡಬೇಕು. ಹೆಣ್ಣಾದರೆ ಆ ಅವಧಿಯಲ್ಲಿ ಗರ್ಭಿಣಿಯಾಗುವುದಿಲ್ಲವೆಂದೂ ಮುಚ್ಚಳಿಕೆ ಕೊಡಬೇಕು. ಅಲ್ಲಿಗೆ ಹೊಸದಾಗಿ ಸೇರುವ ಹೆಣ್ಣುಮಗಳ ಪಾಲಿಗೆ ರಜೆಯ ಸೌಲಭ್ಯ ಕಾಗದದಲ್ಲಿ ಉಳಿಯಿತು. ನಾಲ್ಕು ವರ್ಷ ದಾಟಿ ಕಾಯಂ ಆದ ನಾಲ್ಕನೇ ಒಂದು ಪಾಲಿನವರಿಗೆ ಮಾತ್ರ ಅದು ನಿಜವಾದೀತು. ಕಾಯಂ ಆಗುವ ಆಸೆಯಿದ್ದವಳು ಆಯ್ಕೆ ಮುಗಿಯುವವರೆಗೆ ಇಪ್ಪತ್ತಮೂರು, ಇಪ್ಪತ್ತನಾಲ್ಕರವರೆಗೆ ಕಾಯಬೇಕು. ಆಯ್ಕೆಯಾಗದಿದ್ದರೆ ಸಮವಸ್ತ್ರ ಕಳಚಿ ಮನೆಗೆ ಬಂದು ಮತ್ತೆ ಮೊದಲಿನಿಂದ ಆರಂಭಿಸಬೇಕು. ಗಂಡುಹುಡುಗನಿಗೂ ಇದೇ ಷರತ್ತೆಂದು ಹೇಳಬಹುದು. ಆದರೆ ಕೋಲಾರ ಸೀಮೆಯ ಹಳ್ಳಿಮನೆಗಳಲ್ಲಿ ಇಪ್ಪತ್ತಮೂರರ ಗಂಡುಮಗ ಕೆಲಸ ಹುಡುಕುವುದಕ್ಕೂ ಇಪ್ಪತ್ತಮೂರರ ಹೆಣ್ಣುಮಗಳು ಕೆಲಸವಿಲ್ಲದೆ ಮನೆಗೆ ಮರಳುವುದಕ್ಕೂ ಇರುವ ವ್ಯತ್ಯಾಸ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಯ ಮಾತು ಮುಂದಾಗುತ್ತದೆ, ನೌಕರಿಯ ಮಾತು ಹಿಂದಾಗುತ್ತದೆ. ಮದುವೆಯನ್ನೇ ಸೇವೆಗೆ ಅಡ್ಡಿಯೆಂದು ಕಾಣುವ ಮನೋಭಾವ ಸೇನೆಗೆ ಹೊಸದೇನಲ್ಲ. ಮಿಲಿಟರಿ ನರ್ಸಿಂಗ್ ಸೇವೆಯ ಸೆಲಿನಾ ಜಾನ್ ಅವರನ್ನು ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸದಿಂದ ತೆಗೆಯಲಾಗಿತ್ತು. ಅದು ಒರಟು ಲಿಂಗ ತಾರತಮ್ಯವೆಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಸುಪ್ರೀಂ ಕೋರ್ಟಿಗೆ 2024ರವರೆಗೆ ಸಮಯ ಹಿಡಿಯಿತು.

ಹೆಂಗಸರಿಗೆ ತೊಂದರೆಯಾದೀತೆಂದು ಅವರನ್ನು ಹೊರಗಿಡುವುದು, ತೊಂದರೆಯನ್ನು ಮಾತ್ರ ಹಾಗೆಯೇ ಬಿಡುವುದು ಎಂಥ ನೀತಿಯೆಂದು ತಿಳಿಯಬೇಕಾದರೆ ಕೆಜಿಎಫ್‌ನವರು ದೂರ ಹೋಗಬೇಕಿಲ್ಲ. 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್ ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವುದನ್ನು ಪೂರ್ತಿಯಾಗಿ ನಿಷೇಧಿಸಿತ್ತು. ನೆಲದ ಮೇಲಿನ ಕೆಲಸವೂ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮಾತ್ರ. ಅದರ ಹಿಂದೆ 1935ರ ಅಂತಾರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯಿತ್ತು, ಒಳ್ಳೆಯ ಉದ್ದೇಶವೂ ಇತ್ತು. ಆದರೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಬಂಡೆ ಸಿಡಿಯುವುದು ಅದರಿಂದ ನಿಲ್ಲಲಿಲ್ಲ, ಸಿಲಿಕಾ ದೂಳು ಗಂಡಸರ ಶ್ವಾಸಕೋಶ ಸೇರುವುದೂ ನಿಲ್ಲಲಿಲ್ಲ. ಹೆಣ್ಣನ್ನು ಹೊರಗಿಟ್ಟದ್ದರಿಂದ ಗಣಿ ಸುರಕ್ಷಿತವಾಗಲಿಲ್ಲ. ಕಾಲೊನಿಗಳ ಹೆಂಗಸರ ಪಾಲಿಗೆ ಕಾಯಿಲೆಯ ಗಂಡನ ಆರೈಕೆ ಉಳಿಯಿತು, ನೆಲದಡಿಯ ಗಣಿಯ ಸಂಬಳದ ದಾರಿ ಮಾತ್ರ ಮುಚ್ಚಿತು. 2019ರ ಜನವರಿ 29ರಂದು, ಅಂದರೆ ಮಹಿಳಾ ಮಿಲಿಟರಿ ಪೊಲೀಸ್ ತೀರ್ಮಾನ ಹೊರಬಿದ್ದ ಹನ್ನೊಂದು ದಿನಕ್ಕೆ, ಕೇಂದ್ರ ಕಾರ್ಮಿಕ ಸಚಿವಾಲಯ ಆ ನಿಷೇಧವನ್ನು ಸಡಿಲಿಸಿತು. ತಾಂತ್ರಿಕ, ಮೇಲ್ವಿಚಾರಣೆ ಮತ್ತು ನಿರ್ವಹಣೆಯ ಕೆಲಸಕ್ಕೆ ಹೆಂಗಸರು ಲಿಖಿತ ಒಪ್ಪಿಗೆ ಕೊಟ್ಟು ಗಣಿಯೊಳಗೆ ಇಳಿಯಬಹುದು, ಆದರೆ ಒಂದು ಪಾಳಿಯಲ್ಲಿ ಕನಿಷ್ಠ ಮೂವರಿರಬೇಕು, ಸೌಲಭ್ಯ ಮತ್ತು ರಕ್ಷಣೆಯನ್ನು ಗಣಿ ಮಾಲೀಕನೇ ಒದಗಿಸಬೇಕು ಎಂಬ ಷರತ್ತುಗಳಿದ್ದವು. ಕೋಲಾರದ ಗಣಿ 2001ರಲ್ಲೇ ಮುಚ್ಚಿದ್ದರಿಂದ ಇಲ್ಲಿನ ಯಾವ ಹೆಂಗಸಿಗೂ ಅದು ಉಪಯೋಗಕ್ಕೆ ಬರಲಿಲ್ಲ. ಆದರೂ ಆ ಆದೇಶದಲ್ಲಿರುವ ವಿವೇಕವನ್ನು ಗಮನಿಸಬೇಕು. ಒಬ್ಬಂಟಿಯಾಗಿ ಕಳಿಸಬೇಡಿ, ವ್ಯವಸ್ಥೆಯ ಹೊಣೆ ಕೆಲಸ ಕೊಡುವವನದು ಎನ್ನುತ್ತದೆ ಅದು. ಸೇನೆಗೂ ಬೇಕಾಗಿರುವುದು ಇದೇ ಕ್ರಮ.

ಏಕೆಂದರೆ ಒಬ್ಬಿಬ್ಬರೇ ಇರುವ ಕಡೆ ಎಲ್ಲ ಸಣ್ಣ ಕೊರತೆಯೂ ದೊಡ್ಡದಾಗುತ್ತದೆ. ಸಾವಿರ ಗಂಡಸರ ನಡುವೆ ಹತ್ತು ಹೆಂಗಸರಿದ್ದರೆ ಅವರಿಗೆಂದು ಕಟ್ಟಿದ ಶೌಚಾಲಯ ದುಂದುವೆಚ್ಚದಂತೆ ಕಾಣುತ್ತದೆ. ಗಂಡಸರ ಅಳತೆಗೆ ಹೊಲಿದ ಗುಂಡುನಿರೋಧಕ ಜಾಕೆಟ್ಟು ಎದೆ-ಭುಜಕ್ಕೆ ಹೊಂದದೆ ಓಡುವಾಗ, ಗುರಿಯಿಡುವಾಗ ಅಡ್ಡ ಬಂದರೂ ಹೊಂದಿಸಿಕೊಳ್ಳಿ ಎಂಬ ಉತ್ತರ ಬರುತ್ತದೆ. ಬ್ರಿಟನ್ನಿನ ಅನುಭವ ಇಲ್ಲಿ ಉಪಯುಕ್ತ. ಅಲ್ಲಿನ ಸಂಸತ್ತಿನ ರಕ್ಷಣಾ ಸಮಿತಿ 2021ರ ಜುಲೈಯಲ್ಲಿ ಸೇನೆಯ ಮಹಿಳೆಯರ ಬಗ್ಗೆ ವರದಿ ಕೊಟ್ಟಿತು. ಸೇವೆಯಲ್ಲಿರುವ ಮತ್ತು ನಿವೃತ್ತರಾದ ಸುಮಾರು 4,000 ಮಹಿಳೆಯರು ಅದಕ್ಕೆ ಉತ್ತರಿಸಿದ್ದರು. ಅವರಲ್ಲಿ ಶೇಕಡ 60ಕ್ಕೂ ಹೆಚ್ಚು ಮಂದಿ ಬೆದರಿಕೆ, ತಾರತಮ್ಯ, ಕಿರುಕುಳ ಅಥವಾ ಲೈಂಗಿಕ ದೌರ್ಜನ್ಯಗಳಲ್ಲಿ ಒಂದನ್ನಾದರೂ ಅನುಭವಿಸಿದ್ದರು. ಮೈಗೆ ಹೊಂದದ ಸಮವಸ್ತ್ರ ಮತ್ತು ರಕ್ಷಾಕವಚದ ವಿಷಯವೂ ಅದರಲ್ಲಿತ್ತು. ಲೈಂಗಿಕ ಸ್ವರೂಪದ ದೂರುಗಳನ್ನು ದೂರುದಾರಳ ಮೇಲಧಿಕಾರಿಗಳ ಕೈಯಿಂದ ಹೊರತೆಗೆಯಬೇಕೆಂದು ಸಮಿತಿ ಶಿಫಾರಸು ಮಾಡಿತು. ಅಲ್ಲಿ ಹೆಂಗಸರು ದಶಕಗಳಿಂದ ಎಲ್ಲ ದರ್ಜೆಯಲ್ಲಿದ್ದಾರೆ, ಆದರೂ ಈ ಸ್ಥಿತಿ. ನಮ್ಮಲ್ಲಿ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ದೂರು ಸಮಿತಿಗೆ ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನ ಒಬ್ಬರು ಇರಬೇಕು ಎನ್ನುತ್ತದೆ ಅದು. ಯೂನಿಟ್ಟಿನಲ್ಲಿರುವ ಹೆಂಗಸರೆಲ್ಲ ಎರಡು ವರ್ಷದ ಸೇವೆಯ ಅಗ್ನಿವೀರರೇ ಆಗಿದ್ದರೆ ಆ ಹಿರಿಯ ಮಹಿಳೆಯನ್ನು ಬೇರೆ ಕಡೆಯಿಂದ ಕರೆತರಬೇಕು. ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಮುಂದಿನ ವರ್ಷ ತನ್ನನ್ನು ಕಾಯಂಗೊಳಿಸಬೇಕೋ ಬೇಡವೋ ಎಂಬ ಮೌಲ್ಯಮಾಪನದಲ್ಲಿ ಅಭಿಪ್ರಾಯ ಬರೆಯುವ ವ್ಯಕ್ತಿಯ ಮೇಲೆಯೇ, ಅಥವಾ ಅವನ ಸಂಗಡಿಗನ ಮೇಲೆಯೇ, ಇಪ್ಪತ್ತೊಂದರ ಹುಡುಗಿ ದೂರು ಬರೆಯುವಳೇ? ನೌಕರಿಯ ಅಭದ್ರತೆ ಬಾಯಿ ಕಟ್ಟಿಸುತ್ತದೆ. ನಾಲ್ಕರಲ್ಲಿ ಮೂವರು ಹೋಗಲೇಬೇಕೆಂಬ ಪೈಪೋಟಿಯಲ್ಲಿ ದೂರು ಕೊಟ್ಟವಳು ಎಂಬ ಗುರುತು ಹೊರಲು ಯಾರೂ ಮುಂದೆ ಬರುವುದಿಲ್ಲ. ಆಗ ದೂರುಗಳೇ ಇಲ್ಲವೆಂಬ ಅಂಕಿಅಂಶ ಸಿದ್ಧವಾಗುತ್ತದೆ, ಎಲ್ಲವೂ ಸರಿಯಿದೆಯೆಂದು ಅದನ್ನೇ ಓದಲಾಗುತ್ತದೆ.

ಈಗ ಆಕ್ಷೇಪಗಳು. ಸೇನೆಯಿರುವುದು ದೇಶ ಕಾಯಲು, ಸಾಮಾಜಿಕ ನ್ಯಾಯ ಹಂಚಲು ಅಲ್ಲ ಎಂಬುದು ಮೊದಲನೆಯದು, ಗಂಭೀರವಾದದ್ದೂ ಹೌದು. ಒಪ್ಪೋಣ, ಸೇನೆಯ ಅಗತ್ಯದಿಂದಲೇ ಯೋಚಿಸೋಣ. ಮಿಲಿಟರಿ ಪೊಲೀಸಿನಲ್ಲಿ ಹೆಂಗಸರು ಬೇಕಾದದ್ದೇ ಕೆಲಸದ ಕಾರಣಕ್ಕೆ. ಮಹಿಳೆಯರ ಮೇಲಿನ ಅಪರಾಧಗಳ ತನಿಖೆ, ಗಡಿಯ ಹಳ್ಳಿಗಳನ್ನು ತೆರವುಗೊಳಿಸುವಾಗ ಹೆಂಗಸರು ಮಕ್ಕಳನ್ನು ಸಾಗಿಸುವುದು, ಹೆಂಗಸರಿರುವ ನಿರಾಶ್ರಿತರ ಗುಂಪನ್ನು ನಿಭಾಯಿಸುವುದು, ಹೆಂಗಸರ ತಪಾಸಣೆ ಮುಂತಾದವನ್ನು ಸರ್ಕಾರವೇ ಅವರ ಕರ್ತವ್ಯಗಳೆಂದು ಹೇಳಿತ್ತು. ತನಿಖೆಯೆಂಬುದು ಅನುಭವದಿಂದ ಬರುವ ವಿದ್ಯೆ. ಸಾಕ್ಷಿಯ ಬಾಯಿಬಿಡಿಸುವುದನ್ನು, ಕಾಗದಪತ್ರ ಬಿಗಿಯಾಗಿ ಕಟ್ಟುವುದನ್ನು ಕಲಿಯುವ ಹೊತ್ತಿಗೆ ಅವಳನ್ನು ಮನೆಗೆ ಕಳಿಸಿ ಹೊಸಬಳಿಗೆ ಮೊದಲಿನಿಂದ ಕಲಿಸುವುದು ದೇಶರಕ್ಷಣೆಯ ದೃಷ್ಟಿಯಿಂದಲೇ ನಷ್ಟ. ನೆರೆಯ ನಿದರ್ಶನವೂ ಇದೆ. ಸಿಆರ್‌ಪಿಎಫ್ 1986ರಲ್ಲೇ 88ನೇ ಮಹಿಳಾ ಬೆಟಾಲಿಯನ್ ಕಟ್ಟಿತು. ಅಲ್ಲಿ ಸೇರಿದವರು ಕಾನ್‌ಸ್ಟೇಬಲ್ ದರ್ಜೆಯಿಂದ ಮೇಲಕ್ಕೆ ಬೆಳೆಯುವ ಪೂರ್ಣಾವಧಿ ನೌಕರರು. ಆ ಅನುಭವದ ಬಲದಿಂದಲೇ 2007ರಲ್ಲಿ ವಿಶ್ವಸಂಸ್ಥೆಯ ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ತುಕಡಿಯನ್ನು ಭಾರತ ಲೈಬೀರಿಯಾಕ್ಕೆ ಕಳಿಸಲು ಸಾಧ್ಯವಾಯಿತು. 2016ರವರೆಗೆ ಸರದಿಯ ಮೇಲೆ ತುಕಡಿಗಳು ಅಲ್ಲಿ ದುಡಿದವು. ನಾಲ್ಕು ವರ್ಷದ ಒಪ್ಪಂದದಿಂದ ಅಂಥದ್ದನ್ನು ಕಟ್ಟಲಾಗುವುದಿಲ್ಲ.

ಗರ್ಭ, ಹೆರಿಗೆ, ಮಗುವಿನ ಕಾರಣಕ್ಕೆ ಯೂನಿಟ್ಟಿನ ಬಲ ಕುಗ್ಗುತ್ತದೆಂಬುದು ಇನ್ನೊಂದು ಮಾತು. ಲೆಕ್ಕ ಹಾಕಿದರೆ ಇದರ ಗಾತ್ರ ತಿಳಿಯುತ್ತದೆ. ಎರಡು ಹೆರಿಗೆಗೆ 360 ದಿನ. ಹದಿನೈದು ವರ್ಷದ ಸೇವೆಯೆಂದರೆ ಸುಮಾರು 5,475 ದಿನ. ಪಾಲು ಶೇಕಡ ಏಳನ್ನೂ ಮುಟ್ಟುವುದಿಲ್ಲ. ಪೂರ್ಣಾವಧಿಯ ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಅದರ ಮೇಲೆ ಸಾಂದರ್ಭಿಕ ರಜೆ ಇದ್ದೇ ಇದೆ. ವಾರ್ಷಿಕ ರಜೆಯೊಂದೇ ಹದಿನೈದು ವರ್ಷಕ್ಕೆ 900 ದಿನ. ಗಂಡಸೊಬ್ಬ ಅಷ್ಟು ದಿನ ಇಲ್ಲದಿದ್ದರೂ ನಡೆಯುವ ಸೇನೆಗೆ, ತಿಂಗಳುಗಳ ಮುಂಚೆಯೇ ಗೊತ್ತಾಗುವ ಹೆರಿಗೆ ರಜೆಗೆ ಏರ್ಪಾಡು ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಒಂದು ಯೂನಿಟ್ಟಿನಲ್ಲಿ ಏಕಕಾಲಕ್ಕೆ ಹಲವರು ರಜೆ ಹೋದರೆ ತೊಂದರೆಯಾಗುವುದು ನಿಜ, ಸಂಖ್ಯೆ ಚಿಕ್ಕದಿದ್ದಾಗ ಇನ್ನೂ ಹೆಚ್ಚು. ಅದಕ್ಕೆ ಪರಿಹಾರ ಸಂಖ್ಯೆಯನ್ನು ಹೆಚ್ಚಿಸುವುದು.

ಹಳ್ಳಿಗಾಡಿನಿಂದ ಬಂದ ಸೈನಿಕರು ಹೆಣ್ಣಿನ ಆಜ್ಞೆಯನ್ನು ಒಪ್ಪಲಾರರು ಎಂಬ ವಾದವನ್ನು ಸ್ವತಃ ಸರ್ಕಾರವೇ ಬಬಿತಾ ಪೂನಿಯಾ ಪ್ರಕರಣದಲ್ಲಿ ನ್ಯಾಯಾಲಯದ ಮುಂದಿಟ್ಟಿತ್ತು, ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕರ್ನಾಟಕದ ಹಳ್ಳಿಗರ ಮಟ್ಟಿಗಂತೂ ಈ ಮಾತು ಅನ್ಯಾಯದ್ದು. 1983ರ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗಲೇ ಇಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನಗಳು ಮೀಸಲಾಗಿದ್ದವು. ಸಂವಿಧಾನದ ತಿದ್ದುಪಡಿ ಬಂದದ್ದು ಆಮೇಲೆ. 2010ರಿಂದ ಆ ಪಾಲು ಅರ್ಧಕ್ಕೇರಿದೆ. ಇಂದು ಭರ್ತಿಗೆ ಸಾಲುನಿಲ್ಲುವ ಬಂಗಾರಪೇಟೆ, ಮುಳಬಾಗಿಲು ಸೀಮೆಯ ಹದಿನೆಂಟರ ಹುಡುಗ ಹುಟ್ಟಿದಾಗಿನಿಂದ ಪಂಚಾಯಿತಿ ಅಧ್ಯಕ್ಷೆಯನ್ನು, ಮುಖ್ಯೋಪಾಧ್ಯಾಯಿನಿಯನ್ನು, ಮಹಿಳಾ ಸಬ್‌ಇನ್‌ಸ್ಪೆಕ್ಟರನ್ನು ಕಂಡಿದ್ದಾನೆ. ಪಂಚಾಯಿತಿಯಲ್ಲಿ ಹೆಂಡತಿಯ ಹೆಸರಲ್ಲಿ ಗಂಡ ಆಡಳಿತ ನಡೆಸಿದ ಉದಾಹರಣೆಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಪಿಡುಗು ಕಡಿಮೆಯಾಗುತ್ತ ಬಂದದ್ದು ಹೆಂಗಸರು ಎರಡನೇ, ಮೂರನೇ ಅವಧಿಗೆ ಉಳಿದಾಗ. ಅಲ್ಲಿಯೂ ಅಧಿಕಾರ ಕೈಗೂಡಿದ್ದು ಕಾಲಾವಕಾಶದಿಂದ.

ಅಗ್ನಿಪಥದ ಷರತ್ತು ಗಂಡಿಗೂ ಹೆಣ್ಣಿಗೂ ಒಂದೇ, ತಾರತಮ್ಯ ಎಲ್ಲಿ ಬಂತು ಎಂದು ಕೇಳುವವರಿಗೆ ನಿತಿಶಾ ತೀರ್ಪೇ ಉತ್ತರ: ನಿಯಮ ಒಂದೇ ಆದರೂ ನಿಂತ ನೆಲ ಬೇರೆಯಾದರೆ ಪರಿಣಾಮ ಬೇರೆ. ಗಂಡಸರಲ್ಲಿ ನಾಲ್ಕನೇ ಮೂರು ಪಾಲು ಹೋದರೂ ಅವರ ಹಿಂದೆ ಲಕ್ಷಾಂತರ ಪೂರ್ಣಾವಧಿ ಸೈನಿಕರ ತಲೆಮಾರುಗಳಿವೆ, ಅವರಿಗೆಂದೇ ಕಟ್ಟಿದ ಬ್ಯಾರಕ್ಕುಗಳಿವೆ, ದಾರಿ ತೋರುವ ಹವಾಲ್ದಾರರಿದ್ದಾರೆ. ಹೆಂಗಸರಲ್ಲಿ ಹೋಗುವವರು ಆ ಮೊದಲ ತಲೆಮಾರಿನವರೇ. ಅಗ್ನಿಪಥ ಒಟ್ಟಾರೆ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಅದು ಮುಂದುವರಿದರೂ ಮಹಿಳಾ ಸಿಪಾಯಿಗಳ ವಿಷಯದಲ್ಲಿ, ಅವರ ಸಂಖ್ಯೆ 2019ರಲ್ಲಿ ಹೇಳಿದ ಗುರಿ ಮುಟ್ಟುವವರೆಗಾದರೂ, ಉಳಿಸಿಕೊಳ್ಳುವ ಪ್ರಮಾಣವನ್ನು ಶೇಕಡ 25ಕ್ಕೆ ಕಟ್ಟಿಹಾಕಬಾರದು. ಅರ್ಹತೆ ತೋರಿದವರನ್ನೆಲ್ಲ ಉಳಿಸಿಕೊಳ್ಳಲು ಸರ್ಕಾರಕ್ಕೆ ಹೊಸ ಕಾನೂನು ಬೇಕಿಲ್ಲ. ಯೋಜನೆ ಬಂದಿದ್ದೇ ಆಡಳಿತಾತ್ಮಕ ಆದೇಶದಿಂದ.

ಒನಕೆ ಓಬವ್ವನ ಹೆಸರಲ್ಲಿ ನವೆಂಬರ್ 11ರಂದು ಸರ್ಕಾರವೇ ಜಯಂತಿ ಆಚರಿಸುತ್ತದೆ. ಕಿತ್ತೂರಿನಲ್ಲಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ 1969ರಿಂದ ನಡೆಯುತ್ತಿದೆ, ದೇಶದ ಉಳಿದ ಸೈನಿಕ ಶಾಲೆಗಳು ಹುಡುಗಿಯರಿಗೆ ಬಾಗಿಲು ತೆರೆಯುವುದಕ್ಕೆ ಅರ್ಧ ಶತಮಾನ ಮೊದಲು. ಈ ನೆನಪುಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಓಬವ್ವನದು ಕೋಟೆಯ ಕಿಂಡಿಯ ಬಳಿ ಒದಗಿಬಂದ ಒಂದು ಗಳಿಗೆಯ ಶೌರ್ಯ. ಸಿಪಾಯಿಯದು ಹದಿನೈದು, ಇಪ್ಪತ್ತು ವರ್ಷದ ದಿನಚರಿ. ಅದಕ್ಕೆ ಹೊಂದುವ ಬೂಟು ಬೇಕು, ಮಗುವನ್ನು ಬಿಟ್ಟುಹೋಗಲು ಶಿಶುಪಾಲನಾ ಕೇಂದ್ರ ಬೇಕು, ಗಂಡನೂ ಸೇನೆಯಲ್ಲಿದ್ದರೆ ಇಬ್ಬರಿಗೂ ಹತ್ತಿರದ ಪೋಸ್ಟಿಂಗ್ ಬೇಕು. ವೀರಗಾಥೆಯಲ್ಲಿ ಇವುಗಳಿಗೆ ಜಾಗವಿಲ್ಲದ್ದರಿಂದಲೋ ಏನೋ ಭಾಷಣಗಳಲ್ಲೂ ಇವು ಬರುವುದಿಲ್ಲ.

ರಾಜ್ಯ ಸರ್ಕಾರ ಮಾಡಬಹುದಾದದ್ದೂ ಕಡಿಮೆಯಿಲ್ಲ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬಹುತೇಕ ಸೌಲಭ್ಯಗಳು ಮಾಜಿ ಸೈನಿಕ ಎಂಬ ವ್ಯಾಖ್ಯೆಯ ಮೇಲೆ ನಿಂತಿವೆ. ಅಗ್ನಿವೀರಳಾಗಿ ಮರಳಿದವಳು ಆ ವ್ಯಾಖ್ಯೆಯ ಹೊರಗೆ. ಅವಳನ್ನು ಪ್ರತ್ಯೇಕವಾಗಿ ಹೆಸರಿಸಿ ಒಳಗೆ ತರಬೇಕು. ತನಿಖೆ, ಸಂಚಾರ ನಿಯಂತ್ರಣ, ಗುಂಪು ನಿರ್ವಹಣೆಗಳಲ್ಲಿ ಪಳಗಿದ ಮಿಲಿಟರಿ ಪೊಲೀಸ್ ಯುವತಿಗೆ ನಮ್ಮ ರಾಜ್ಯದ ಪೊಲೀಸ್ ಇಲಾಖೆಗಿಂತ ಸಹಜವಾದ ಮುಂದಿನ ನೆಲೆಯಿಲ್ಲ. ಕೆಜಿಎಫ್‌ಗೇ ಪ್ರತ್ಯೇಕ ಪೊಲೀಸ್ ಜಿಲ್ಲೆಯಿದೆ. ಭರ್ತಿಗೆ ಮುನ್ನ ಹುಡುಗಿಯರಿಗೆ ಓಟ, ಜಿಗಿತ, ಲಿಖಿತ ಪರೀಕ್ಷೆಯ ತರಬೇತಿ ಕೊಡಲು ಗಣಿ ಪಟ್ಟಣದಲ್ಲಿ ಮೈದಾನಗಳಿಗೆ ಕೊರತೆಯಿಲ್ಲ. 2019ರಲ್ಲಿ ಮೊದಲ ನೂರು ಸ್ಥಾನಗಳಿಗೆ ದೇಶದಾದ್ಯಂತ ಸುಮಾರು ಎರಡು ಲಕ್ಷ ಅರ್ಜಿಗಳು ಬಂದವೆಂದು ಆಗಿನ ಪತ್ರಿಕೆಗಳು ಬರೆದವು. ಆಸಕ್ತಿಯಿಲ್ಲವೆಂದು ಯಾರೂ ಹೇಳುವಂತಿಲ್ಲ.

ಮಹಿಳಾ ಅಗ್ನಿವೀರರ ಮೊದಲ ತಂಡಗಳು ತರಬೇತಿಗೆ ಸೇರಿದ್ದು 2022ರ ಕೊನೆ ಮತ್ತು 2023ರಲ್ಲಿ. ನೌಕಾಪಡೆಯವರು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ, ಭೂಸೇನೆಯವರು ಬೆಂಗಳೂರಿನಲ್ಲಿ, ವಾಯುಪಡೆಯವರು ಬೆಳಗಾವಿಯಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಯಿಂದ 2027ರ ಅವಧಿಯಲ್ಲಿ. ಎಷ್ಟು ಮಂದಿ ಕಾಯಂ ಆಗಲು ಬಯಸಿದರು, ಎಷ್ಟು ಮಂದಿಯನ್ನು ಉಳಿಸಿಕೊಂಡರು, ಹೊರಬಂದವರಲ್ಲಿ ಎಷ್ಟು ಮಂದಿಗೆ ಅರೆಸೇನಾ ಪಡೆಗಳಲ್ಲಿ ಅಥವಾ ರಾಜ್ಯ ಪೊಲೀಸಿನಲ್ಲಿ ಕೆಲಸ ಸಿಕ್ಕಿತು, ಸೇವೆಯಲ್ಲಿದ್ದಾಗ ಎಷ್ಟು ದೂರುಗಳು ಬಂದವು, ಅವು ಏನಾದವು? ಗಂಡು ಹೆಣ್ಣಿನ ಲೆಕ್ಕ ಬೇರೆಬೇರೆಯಾಗಿ, ಮೂರೂ ಪಡೆಗಳದ್ದು ಪ್ರತ್ಯೇಕವಾಗಿ, ರಕ್ಷಣಾ ಸಚಿವಾಲಯ ಪ್ರತಿ ವರ್ಷ ಸಂಸತ್ತಿನ ಮುಂದಿಡಬೇಕು. ಕರ್ನಾಟಕದ ಸಂಸದರು, ಕೋಲಾರ ಕ್ಷೇತ್ರದವರೂ ಸೇರಿ, ಈ ಲೆಕ್ಕವನ್ನು ಕೇಳಲು ಒಂದು ಲಿಖಿತ ಪ್ರಶ್ನೆ ಸಾಕು. ಆ ಉತ್ತರ ಕನ್ನಡದಲ್ಲಿ ಅಚ್ಚಾಗಿ ಕ್ಯಾಸಂಬಳ್ಳಿಯ ಪ್ರೌಢಶಾಲೆಯ ನೋಟಿಸ್ ಬೋರ್ಡಿಗೆ ಬರಬೇಕು, ಭರ್ತಿಯ ಜಾಹೀರಾತಿನ ಪಕ್ಕದಲ್ಲೇ.